ರಿಬ್ಬನ್ ಧ್ವನಿವರ್ಧಕ: ಮನೆಯಲ್ಲಿ ಮಾಡಿ ಕಲಿತ ಒಂದು ಪಾಠ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿಕೊಂಡಾಗ ನಾನು ತುಸು ಹಿಂಜರಿದೆನು. ಶಾಲೆಯ ಇತಿಹಾಸವನ್ನು ಬರೆಯಲು ನನಗಿಂತ ಸಮರ್ಥರಿದ್ದಾರೆ. ಗತಿಸಿದ ಮಹನೀಯರ ಸ್ಮರಣೆಯನ್ನು ಮಾಡಲು ಅವರ ಒಡನಾಡಿಗಳಿದ್ದಾರೆ. ನನಗೆ ಬರುವುದು ಪಾಠ ಮಾಡುವುದೊಂದೇ. ಆದುದರಿಂದ ಹಳೆಯ ವಿದ್ಯಾರ್ಥಿಗಳು ಮತ್ತೊಮ್ಮೆ ಬೆಂಚಿನ ಮೇಲೆ ಕುಳಿತಿರುವರೆಂದು ಭಾವಿಸಿ, ಭೌತಶಾಸ್ತ್ರದ ಒಂದು ಪಾಠವನ್ನು ಇಲ್ಲಿ ಮಾಡುತ್ತಿದ್ದೇನೆ.

ಪಾಠಕ್ಕೆ ಕಾರಣವಾದುದು ಒಂದು ಕ್ಯಾಸೆಟ್. ಶಾಲೆಯ ರಜತೋತ್ಸವದ ರಾತ್ರಿ ನಡೆದ ತಾಳಮದ್ದಳೆಯನ್ನು ಯಾರೋ ಪುಣ್ಯಾತ್ಮರು ಧ್ವನಿಮುದ್ರಿಸಿಕೊಂಡಿದ್ದರು. ಆ ದಿನ ಅರ್ಥ ಹೇಳಿದವರಲ್ಲಿಯೂ ಹಿಮ್ಮೇಳದಲ್ಲಿ ಕುಳಿತವರಲ್ಲಿಯೂ ಈಗ ನಮ್ಮೊಡನೆ ಇಲ್ಲದವರೇ ಹೆಚ್ಚು. ಸುವರ್ಣ ಮಹೋತ್ಸವದಲ್ಲಿ ಅದನ್ನು ಎಲ್ಲರಿಗೂ ಕೇಳಿಸಬೇಕೆಂಬ ಅಪೇಕ್ಷೆ ಹಲವರಿಗಿತ್ತು. ಶಾಲೆಯಲ್ಲಿದ್ದ ಕೊಂಬಿನ ಧ್ವನಿವರ್ಧಕದಲ್ಲಿ ಹಾಕಿ ನೋಡಿದಾಗ ಮಾತೇನೋ ಕೇಳಿಸಿತು. ಆದರೆ ಚಕ್ರತಾಳದ ನಾದವು ತಗಡು ಬಡಿದಂತಾಗಿ, ಜಾಗಟೆಯ ಅನುರಣನವು ಅರ್ಧದಲ್ಲಿಯೇ ಕತ್ತರಿಸಿಹೋಗುತ್ತಿತ್ತು. ಕಂಚಿನ ತಾಳದ ನಾದದಲ್ಲಿ ಹತ್ತು ಸಾವಿರ ಹರ್ಟ್ಸ್‌ಗಿಂತಲೂ ಮೇಲಿನ ಆವೃತ್ತಿಗಳಿರುತ್ತವೆ. ಕೊಂಬಿಗೆ ಅಷ್ಟು ಎತ್ತರಕ್ಕೆ ಏರುವ ಶಕ್ತಿಯಿಲ್ಲ. ಆ ಎತ್ತರದ ಸ್ವರಗಳಿಗಾಗಿ ಒಂದು ಧ್ವನಿವರ್ಧಕವನ್ನು ನಾವೇ ಮಾಡಬಾರದೇಕೆ ಎಂಬ ಯೋಚನೆ ಅಲ್ಲಿಂದ ಹುಟ್ಟಿತು.

ಮೊದಲಿಗೆ ಪದಗಳ ವಿಷಯ. ಒಂದು ಬಗೆಯ ಶಕ್ತಿಯನ್ನು ಮತ್ತೊಂದು ಬಗೆಗೆ ಮಾರ್ಪಡಿಸುವ ಸಾಧನಕ್ಕೆ ಟ್ರಾನ್ಸ್‌ಡ್ಯೂಸರ್ ಎಂದು ಹೆಸರು. ಧ್ವನಿಯನ್ನು ವಿದ್ಯುತ್ತಾಗಿಸುವ ಮೈಕ್ ಒಂದು ಟ್ರಾನ್ಸ್‌ಡ್ಯೂಸರ್. ವಿದ್ಯುತ್ತನ್ನು ಧ್ವನಿಯಾಗಿಸುವ ಸ್ಪೀಕರ್ ಇನ್ನೊಂದು. ಇದನ್ನು ಕನ್ನಡದಲ್ಲಿ ಪರಿವರ್ತಕ ಎನ್ನಬಹುದಿತ್ತು. ಆದರೆ ಆ ಪದವನ್ನು ಪಠ್ಯಪುಸ್ತಕಗಳು ಟ್ರಾನ್ಸ್‌ಫಾರ್ಮರಿಗೆ ಕೊಟ್ಟುಬಿಟ್ಟಿವೆ. ಈ ಪಾಠದಲ್ಲಿ ಎರಡೂ ಬರುವುದರಿಂದ ಗೊಂದಲವಾಗದಿರಲೆಂದು ರೂಢಿಯ ಪದಗಳನ್ನೇ ಇಟ್ಟುಕೊಂಡಿದ್ದೇನೆ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ನನಗೆ ಈ ಸಂಗತಿಯನ್ನು ಇಂಗ್ಲಿಷ್ ಪುಸ್ತಕಗಳಿಂದ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡೇ ತಿಳಿಯಬೇಕಾಯಿತು. ತಿಳಿದ ಮೇಲೆ ಕನ್ನಡದಲ್ಲಿ ಹೇಳಲು ಮಾತ್ರ ಯಾವ ಕಷ್ಟವೂ ಆಗಲಿಲ್ಲ.

ಸಾಮಾನ್ಯ ಸ್ಪೀಕರಿನ ಹಿಂಭಾಗದಲ್ಲಿ ಉಂಗುರಾಕಾರದ ಅಯಸ್ಕಾಂತವಿರುತ್ತದೆ. ಅದರ ನಡುವಿನ ಸಂದಿಯಲ್ಲಿ ತಂತಿಯ ಸುರುಳಿಯೊಂದು ತೂಗುತ್ತಿರುತ್ತದೆ. ಸುರುಳಿಗೆ ಕಾಗದದ ಶಂಕುವನ್ನು ಅಂಟಿಸಿರುತ್ತಾರೆ. ಸುರುಳಿಯಲ್ಲಿ ವಿದ್ಯುತ್ ಹರಿದಾಗ ಅದು ಹಿಂದಕ್ಕೂ ಮುಂದಕ್ಕೂ ಚಲಿಸಿ ಶಂಕುವನ್ನು ನೂಕುವುದು, ಶಂಕು ಗಾಳಿಯನ್ನು ನೂಕುವುದು. 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ರೈಸ್ ಮತ್ತು ಕೆಲಾಗ್ ಎಂಬವರು ಪ್ರಕಟಿಸಿದ ಈ ವಿನ್ಯಾಸವೇ ಇಂದಿಗೂ ನಮ್ಮ ರೇಡಿಯೋ, ಟೀವಿಗಳಲ್ಲಿ ನಡೆಯುತ್ತಿದೆ. ಆದರೆ ಇದರಲ್ಲಿ ಒಂದು ಸಂಕಟವಿದೆ. ಬಲ ಬೀಳುವುದು ಸುರುಳಿ ಅಂಟಿಕೊಂಡಿರುವ ಕಡೆಯಲ್ಲಿ ಮಾತ್ರ. ಶಂಕುವಿನ ಉಳಿದ ಭಾಗ ಅದರ ಹಿಂದೆ ಎಳೆದಾಡಲ್ಪಡಬೇಕು. ಆವೃತ್ತಿ ಹೆಚ್ಚಿದಂತೆ ಕಾಗದವು ಬಳುಕಿ, ನಡುವು ಒಂದು ಕಡೆಗೆ ಹೋದರೆ ಅಂಚು ಇನ್ನೊಂದು ಕಡೆಗೆ ಹೋಗತೊಡಗುತ್ತದೆ. ಭಾರವೂ ಹೆಚ್ಚು. ಸೆಕೆಂಡಿಗೆ ಹತ್ತು ಸಾವಿರ ಸಲ ಅತ್ತಿಂದಿತ್ತ ಓಡಬೇಕಾದ ವಸ್ತುವಿಗೆ ಭಾರವೇ ಶತ್ರು.

ಹಾಗಾದರೆ ಶಂಕುವನ್ನೂ ಸುರುಳಿಯನ್ನೂ ಬೇರೆಬೇರೆಯಾಗಿ ಇಡುವುದೇಕೆ? ವಿದ್ಯುತ್ ಹರಿಯುವ ಲೋಹವೇ ಗಾಳಿಯನ್ನು ನೂಕುವ ಹಾಳೆಯೂ ಆಗಬಾರದೇಕೆ? ಈ ಪ್ರಶ್ನೆಯ ಉತ್ತರವೇ ರಿಬ್ಬನ್. 1924ರಲ್ಲಿ ಜರ್ಮನಿಯ ವಾಲ್ಟರ್ ಶಾಟ್ಕಿ ಮತ್ತು ಎರ್ವಿನ್ ಗೆರ್ಲಾಖ್ ಇದನ್ನು ಮಾಡಿ ತೋರಿಸಿದರು. ಎರಡು ಉದ್ದನೆಯ ಅಯಸ್ಕಾಂತಗಳನ್ನು ಬಾಗಿಲ ದಾರಂದದ ಎರಡು ಕಂಬಗಳಂತೆ ನಿಲ್ಲಿಸಿ, ಒಂದರ ಉತ್ತರ ಧ್ರುವವು ಇನ್ನೊಂದರ ದಕ್ಷಿಣ ಧ್ರುವವನ್ನು ನೋಡುವಂತೆ ಮಾಡಬೇಕು. ನಡುವಿನ ಸಂದಿಯಲ್ಲಿ ತೆಳ್ಳನೆಯ ಅಲ್ಯುಮಿನಿಯಂ ಪಟ್ಟಿಯೊಂದನ್ನು ಮೇಲಿನಿಂದ ಕೆಳಕ್ಕೆ ಇಳಿಬಿಡಬೇಕು. ಈಗ ನಿಮ್ಮ ಎಡಗೈಯನ್ನು ಎತ್ತಿರಿ. ಹತ್ತನೆಯ ತರಗತಿಯ ಫ್ಲೆಮಿಂಗನ ನಿಯಮ ನೆನಪಿರಬಹುದು. ತೋರುಬೆರಳು ಕಾಂತಕ್ಷೇತ್ರದ ದಿಕ್ಕು, ಅಂದರೆ ಎಡದಿಂದ ಬಲಕ್ಕೆ. ನಡುಬೆರಳು ವಿದ್ಯುತ್ತಿನ ದಿಕ್ಕು, ಅಂದರೆ ಪಟ್ಟಿಯ ಉದ್ದಕ್ಕೆ. ಹೆಬ್ಬೆರಳು ತೋರಿಸುವುದೇ ಬಲದ ದಿಕ್ಕು. ಅದು ನಿಮ್ಮ ಕಡೆಗೋ ನಿಮ್ಮಿಂದ ದೂರಕ್ಕೋ ಇರುವುದು. ವಿದ್ಯುತ್ ದಿಕ್ಕು ಬದಲಿಸಿದಂತೆಲ್ಲ ಪಟ್ಟಿಯು ಮುಂದಕ್ಕೂ ಹಿಂದಕ್ಕೂ ಅಲುಗುವುದು. ಬಲವು ಪಟ್ಟಿಯ ಮೈಯೆಲ್ಲಕ್ಕೂ ಏಕಕಾಲದಲ್ಲಿ ಬೀಳುವುದರಿಂದ ಒಂದು ಭಾಗ ಇನ್ನೊಂದನ್ನು ಎಳೆಯಬೇಕಾದ ಪ್ರಮೇಯವಿಲ್ಲ.

ಲೆಕ್ಕ ಮಾಡದೆ ಭೌತಶಾಸ್ತ್ರವಿಲ್ಲ. ನಮ್ಮ ಪಟ್ಟಿಯ ಉದ್ದ 10 ಸೆಂಟಿಮೀಟರ್, ಅಗಲ 1 ಸೆಂಟಿಮೀಟರ್, ದಪ್ಪ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗ. ಅಡುಗೆಮನೆಯಲ್ಲಿ ಚಪಾತಿ ಸುತ್ತಿಡುವ ಫಾಯಿಲಿನ ದಪ್ಪ ಹೆಚ್ಚುಕಡಿಮೆ ಇಷ್ಟೇ. ಅಲ್ಯುಮಿನಿಯಂನ ಸಾಂದ್ರತೆ ಘನ ಮೀಟರಿಗೆ 2700 ಕಿಲೋಗ್ರಾಂ. ಗುಣಿಸಿದರೆ ಪಟ್ಟಿಯ ದ್ರವ್ಯರಾಶಿ 27 ಮಿಲಿಗ್ರಾಂ ಬರುವುದು. ಒಂದು ಅಕ್ಕಿಕಾಳು ಸುಮಾರು ಅಷ್ಟೇ ತೂಗುವುದು! ಪೇಟೆಯಲ್ಲಿ ಸಿಗುವ ಸಾಮಾನ್ಯ ಟ್ವೀಟರಿನ ಚಲಿಸುವ ಭಾಗವು ಇದರ ಹತ್ತರಷ್ಟು ಭಾರವಿರುತ್ತದೆ.

ಇನ್ನು ವಿದ್ಯುತ್ ರೋಧ. ಅಲ್ಯುಮಿನಿಯಂನ ರೋಧಶೀಲತೆಯಿಂದ ಲೆಕ್ಕ ಹಾಕಿದರೆ ಈ ಪಟ್ಟಿಯ ರೋಧವು 0.028 ಓಮ್. ಆಂಪ್ಲಿಫಯರುಗಳು ನಿರೀಕ್ಷಿಸುವುದು 4 ಅಥವಾ 8 ಓಮ್. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಅಲಕ್ಷಿಸಿದವನ ಗತಿ ಏನಾಗುವುದೆಂಬುದಕ್ಕೆ ಈ ಲೇಖಕನೇ ಉದಾಹರಣೆ. ಮೊದಲ ಪಟ್ಟಿಯನ್ನು ಮಾಡಿದ ಸಂಭ್ರಮದಲ್ಲಿ ಅದನ್ನು ನೇರವಾಗಿ ಆಂಪ್ಲಿಫಯರಿಗೆ ಜೋಡಿಸಿಬಿಟ್ಟೆ. ಯಂತ್ರವು ಮೈಕ್ ಸೆಟ್ ಬಾಡಿಗೆಗೆ ಕೊಡುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನದು. ಒಂದು ಸಲ ಟಪ್ಪೆಂದು ಸದ್ದಾಯಿತು, ಸುಟ್ಟ ವಾಸನೆ ಬಂದಿತು. ಅಕ್ಕಿಕಾಳಿನ ತೂಕದ ಪಟ್ಟಿಗೆ ಏನೂ ಆಗಿರಲಿಲ್ಲ. ಯಂತ್ರದ ಔಟ್‌ಪುಟ್ ಟ್ರಾನ್ಸಿಸ್ಟರುಗಳು ಹೋಗಿದ್ದವು. ಅವನು ಮೀಟರ್ ಹಿಡಿದು ನೋಡಿ, “ಮಾಷ್ಟ್ರೇ, ನೀವು ಮಾಡಿದ್ದು ಸ್ಪೀಕರ್ ಅಲ್ಲ, ಶಾರ್ಟ್ ಸರ್ಕ್ಯೂಟ್” ಎಂದನು. ಎಂಟನೆಯ ತರಗತಿಯಲ್ಲಿ ಓಮನ ನಿಯಮವನ್ನು ಅವನಿಗೆ ಕಲಿಸಿದವನು ನಾನೇ. ದುರಸ್ತಿಯ ಹಣವನ್ನು ಅವನು ಬೇಡವೆಂದರೂ ಕೊಟ್ಟು ಬಂದೆ.

ಪರಿಹಾರವಾಗಿ ನಡುವೆ ಟ್ರಾನ್ಸ್‌ಫಾರ್ಮರ್ ಇರಬೇಕು. ಸುತ್ತುಗಳ ಅನುಪಾತದ ವರ್ಗದಂತೆ ರೋಧವು ಬದಲಾಗಿ ಕಾಣುವುದು ಅದರ ಗುಣ. 8ನ್ನು 0.028ರಿಂದ ಭಾಗಿಸಿದರೆ ಸುಮಾರು 286, ಅದರ ವರ್ಗಮೂಲ 17ರ ಸಮೀಪ. ಪಟ್ಟಿಯ ನಿರಿಗೆಯಿಂದಲೂ ಜೋಡಣೆಗಳಿಂದಲೂ ರೋಧವು ತುಸು ಹೆಚ್ಚುವುದರಿಂದ 16 ಸಾಕು. ಬಳೆಯಾಕಾರದ ಕಬ್ಬಿಣದ ತಿರುಳಿನ ಮೇಲೆ, ಆಂಪ್ಲಿಫಯರಿನ ಕಡೆಗೆ 80 ಸುತ್ತು ಎನಾಮಲ್ ತಂತಿಯನ್ನೂ ಪಟ್ಟಿಯ ಕಡೆಗೆ ದಪ್ಪನೆಯ ತಾಮ್ರದ 5 ಸುತ್ತನ್ನೂ ಸುತ್ತಿದೆವು. ಆಂಪ್ಲಿಫಯರಿನಿಂದ 4 ವಾಟ್ ಶಕ್ತಿ ಬಂದಾಗ ಮೊದಲ ಸುರುಳಿಯಲ್ಲಿ ಹರಿಯುವುದು 0.7 ಆಂಪಿಯರ್, ಪಟ್ಟಿಯಲ್ಲಿ ಹರಿಯುವುದು ಸುಮಾರು 11 ಆಂಪಿಯರ್. ಇಷ್ಟು ಪ್ರವಾಹವು ಗಾಳಿಗೆ ಹಾರಿಹೋಗುವ ಒಂದು ಚೂರು ಫಾಯಿಲಿನಲ್ಲಿ!

ಕಾಂತಕ್ಷೇತ್ರವು 0.3 ಟೆಸ್ಲಾ ಎಂದಿಟ್ಟುಕೊಳ್ಳೋಣ. ಕ್ಷೇತ್ರ, ಪ್ರವಾಹ, ಉದ್ದ ಈ ಮೂರನ್ನೂ ಗುಣಿಸಿದರೆ ಬಲವು 0.33 ನ್ಯೂಟನ್. ಸುಮಾರು ಮೂವತ್ತನಾಲ್ಕು ಗ್ರಾಂ ತೂಕದಷ್ಟೇ ಆಯಿತು, ದೊಡ್ಡದಲ್ಲ. ಆದರೆ ಪಟ್ಟಿಯ ಸ್ವಂತ ತೂಕಕ್ಕೆ ಹೋಲಿಸಿದರೆ ಅದು ಸಾವಿರದಿನ್ನೂರು ಪಟ್ಟಿಗೂ ಮಿಗಿಲು. ಪಟ್ಟಿಯು ತನ್ನೊಡನೆ ಅಂಟಿದ ಗಾಳಿಯನ್ನೂ ಅಲುಗಿಸಬೇಕಾದ್ದರಿಂದ ನಿಜವಾದ ವೇಗೋತ್ಕರ್ಷವು ಇದಕ್ಕಿಂತ ಕಡಿಮೆ. ಆದರೂ ತಾಳದ ಪೆಟ್ಟು ಬಿದ್ದೊಡನೆ ಎದ್ದು, ನಿಂತೊಡನೆ ನಿಲ್ಲುವ ಗುಣವು ಅದಕ್ಕೆ ಇಲ್ಲಿಂದಲೇ ಬಂದುದು. ಕಾವಿನ ಲೆಕ್ಕವನ್ನೂ ಜಾಣ ವಿದ್ಯಾರ್ಥಿಗಳು ಮಾಡಿ ನೋಡಬಹುದು. ಪಟ್ಟಿಯಲ್ಲಿ ವ್ಯಯವಾಗುವ ಮೂರು ಚಿಲ್ಲರೆ ವಾಟ್ ಶಕ್ತಿಯು ಹೊರಹೋಗದೆ ಅಲ್ಲಿಯೇ ಉಳಿದರೆ ಪಟ್ಟಿಯು ಪ್ರತಿ ಸೆಕೆಂಡಿಗೆ 140 ಡಿಗ್ರಿಯಷ್ಟು ಬಿಸಿಯೇರಬೇಕು. ಹಾಗಾಗದಿರುವುದಕ್ಕೆ ಕಾರಣ ಅದರ ತೆಳುವೇ. ಮೈಯೆಲ್ಲವೂ ಗಾಳಿಗೆ ತೆರೆದಿರುವುದರಿಂದ ಕಾವು ಕೂಡಲೇ ಹೊರಟುಹೋಗುತ್ತದೆ.

ಇನ್ನು ಕೈಕೆಲಸದ ಮಾತು. ಪಟ್ಟಿಯನ್ನು ಚಪ್ಪಟೆಯಾಗಿಯೇ ಬಿಗಿದರೆ ಅದು ತಂಬೂರಿಯ ತಂತಿಯಂತೆ ತನ್ನದೇ ಸ್ವರವನ್ನು ಹಾಡತೊಡಗುವುದು. ಸಡಿಲ ಬಿಟ್ಟರೆ ಗಾಳಿಗೆ ಬಾಳೆಯ ಸೀಳಿನಂತೆ ಹೊಯ್ದಾಡುವುದು. ಆದುದರಿಂದ ಅಡ್ಡಕ್ಕೆ ಸಣ್ಣ ಸಣ್ಣ ನಿರಿಗೆಗಳನ್ನು ಹಿಡಿಯಬೇಕು. ನಿರಿಗೆಯಿಂದ ಪಟ್ಟಿಗೆ ಅಗಲದ ಕಡೆಗೆ ಬಿಗಿಯೂ ಉದ್ದದ ಕಡೆಗೆ ಸ್ಪ್ರಿಂಗಿನಂಥ ಮೃದುತ್ವವೂ ಬರುವುದು. ಹಾಳಾದ ಪ್ರಿಂಟರೊಂದರಿಂದ ಬಿಚ್ಚಿದ ಎರಡು ಹಲ್ಲಿನ ಚಕ್ರಗಳನ್ನು ಒಂದಕ್ಕೊಂದು ಕಚ್ಚಿಕೊಳ್ಳುವಂತೆ ಹಲಗೆಗೆ ಜೋಡಿಸಿ, ಅವುಗಳ ನಡುವೆ ಫಾಯಿಲನ್ನು ಹಾಯಿಸಿದರೆ ಸೇವಿಗೆಯ ಒರಳಿನಿಂದ ಇಳಿದಂತೆ ನಿರಿಗೆ ಬೀಳುತ್ತದೆ. ಫಾಯಿಲಿನ ಎರಡೂ ಬದಿಗೆ ತೆಳ್ಳನೆಯ ಕಾಗದವನ್ನಿಟ್ಟು ಹಾಯಿಸಿದರೆ ಹರಿಯುವುದಿಲ್ಲ. ನಮಗೆ ಹನ್ನೊಂದು ಪಟ್ಟಿಗಳು ಹರಿದ ಮೇಲೆ ಈ ಉಪಾಯ ಹೊಳೆಯಿತು. ಹೊಳೆದದ್ದು ನನಗಲ್ಲ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ.

ಅಯಸ್ಕಾಂತಗಳ ವಿಷಯದಲ್ಲಿ ಎಚ್ಚರಿಕೆಯನ್ನು ಒತ್ತಿ ಹೇಳಬೇಕು. 1980ರ ದಶಕದಲ್ಲಿ ಬಂದ ನಿಯೋಡೈಮಿಯಂ ಅಯಸ್ಕಾಂತಗಳಿಂದಾಗಿ ಇಂಥ ಕೆಲಸವು ಮನೆಯಲ್ಲಿ ಸಾಧ್ಯವಾಗಿದೆ, ನಿಜ. ನಾವು ಲೆಕ್ಕಕ್ಕೆ ಹಿಡಿದ 0.3 ಟೆಸ್ಲಾ ಎಂದರೆ ನಮ್ಮ ಪ್ರದೇಶದಲ್ಲಿ ಭೂಮಿಯ ಕಾಂತಕ್ಷೇತ್ರಕ್ಕಿಂತ ಏಳು ಸಾವಿರ ಪಟ್ಟು ಹೆಚ್ಚು. ಎರಡು ಅಯಸ್ಕಾಂತಗಳು ಒಂದರ ಮೇಲೊಂದು ಎರಗುವಾಗ ನಡುವೆ ಬೆರಳು ಸಿಕ್ಕಿದರೆ ರಕ್ತ ಬರುವುದು ಖಂಡಿತ. ಅವು ಗಾಜಿನಂತೆ ಒಡೆದು ಚೂರು ಕಣ್ಣಿಗೆ ಹಾರಬಹುದು. ಚಿಕ್ಕ ಮಕ್ಕಳು ಎರಡು ಸಣ್ಣ ಅಯಸ್ಕಾಂತಗಳನ್ನು ನುಂಗಿದರೆ ಅವು ಕರುಳಿನ ಮಡಿಕೆಗಳ ಮೂಲಕವೇ ಒಂದನ್ನೊಂದು ಸೆಳೆದು ಕರುಳನ್ನು ತೂತು ಮಾಡುತ್ತವೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಹತ್ತಿರ ಬರಲೇಬಾರದು. ಅಯಸ್ಕಾಂತಗಳನ್ನು ಮೊದಲು ಕಬ್ಬಿಣದ ಚೌಕಟ್ಟಿಗೆ ಒಂದೊಂದಾಗಿ ಕೂರಿಸಿ, ಸಂದಿಯಲ್ಲಿ ಮರದ ತುಂಡನ್ನಿಟ್ಟು ಕೆಲಸ ಮಾಡತಕ್ಕದ್ದು. ಕಬ್ಬಿಣ ಅರೆದ ಪುಡಿ ಬಿದ್ದಿರುವ ಮೇಜಿನ ಮೇಲೆ ಇಡಬೇಡಿರಿ. ಸಂದಿಗೆ ಅಂಟಿದ ಪುಡಿಯನ್ನು ತೆಗೆಯಲು ಒಂದು ಮಧ್ಯಾಹ್ನ ಸಾಲದು. ಪಟ್ಟಿಯ ಅಗಲ 10 ಮಿಲಿಮೀಟರ್ ಆದರೆ ಸಂದಿಯು 11 ಮಿಲಿಮೀಟರ್ ಇರಲಿ. ಅದಕ್ಕಿಂತ ಹೆಚ್ಚಾದರೆ ಗಾಳಿಯು ಅಂಚಿನಿಂದ ಸೋರುವುದು, ಕಡಿಮೆಯಾದರೆ ಪಟ್ಟಿ ತಾಗುವುದು.

ನಮ್ಮ ಕರಾವಳಿಯವರಿಗೆಂದೇ ಹೇಳಬೇಕಾದ ಮಾತೊಂದಿದೆ. ಅಲ್ಯುಮಿನಿಯಂಗೆ ಸಾಮಾನ್ಯ ಬೆಸುಗೆ ಹಿಡಿಯುವುದಿಲ್ಲ. ಪಟ್ಟಿಯ ಎರಡು ತುದಿಗಳನ್ನು ಹಿತ್ತಾಳೆಯ ತುಂಡುಗಳ ನಡುವೆ ತಿರುಪು ಹಾಕಿ ಬಿಗಿಯಬೇಕು. ಆಷಾಢದ ತೇವದಲ್ಲಿ, ಉಪ್ಪುಗಾಳಿಯಲ್ಲಿ, ಎರಡು ಬೇರೆ ಲೋಹಗಳು ಕೂಡುವಲ್ಲಿ ಬಿಳಿಯ ಬೂಷ್ಟಿನಂಥ ಕಿಲುಬು ಕಟ್ಟುತ್ತದೆ. ಇತರ ಉಪಕರಣಗಳಲ್ಲಿ ಒಂದು ಓಮಿನ ನೂರನೆಯ ಒಂದು ಭಾಗವು ಲೆಕ್ಕಕ್ಕಿಲ್ಲ. ಇಲ್ಲಿ ಪಟ್ಟಿಯ ರೋಧವೇ ಓಮಿನ ನೂರರಲ್ಲಿ ಮೂರು ಭಾಗ. ಕಿಲುಬಿನಿಂದ ಮತ್ತೊಂದು ಭಾಗ ಸೇರಿದರೆ ನಾಲ್ಕರಲ್ಲೊಂದು ಪಾಲು ಶಕ್ತಿಯು ತಿರುಪಿನಲ್ಲಿಯೇ ಕಾವಾಗಿ ಹೋಗುವುದು. ಇದೇ ಕಾರಣದಿಂದ ಟ್ರಾನ್ಸ್‌ಫಾರ್ಮರನ್ನು ಪಟ್ಟಿಯ ಪಕ್ಕದಲ್ಲಿಯೇ ಇಡಬೇಕು. ಮನೆಯ ವಯರಿಂಗಿಗೆ ಬಳಸುವ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿಯೂ ಮೀಟರಿಗೆ 0.011 ಓಮಿಗಿಂತ ಹೆಚ್ಚು ರೋಧವನ್ನು ತರುತ್ತದೆ. ಇಂಗ್ಲಿಷ್ ಪುಸ್ತಕಗಳು ಇಲ್ಲಿಯ ಮಳೆಗಾಲವನ್ನು ಕಂಡವಲ್ಲ. ಇದನ್ನು ನಾವು ಎರಡು ವರ್ಷ ಪೆಟ್ಟು ತಿಂದು ಕಲಿತೆವು.

ರಿಬ್ಬನ್ ಎಲ್ಲವನ್ನೂ ಹಾಡಬಲ್ಲುದೆಂದು ಭ್ರಮಿಸಬಾರದು. ಅಷ್ಟೇ ಗಟ್ಟಿಯಾದ ಧ್ವನಿಗೆ ಆವೃತ್ತಿಯು ಅರ್ಧವಾದರೆ ಚಲನೆಯು ನಾಲ್ಕರಷ್ಟಾಗಬೇಕು. ಮದ್ದಳೆಯ ಗುಂಕಾರವನ್ನು ಈ ಪುಟ್ಟ ಪಟ್ಟಿಗೆ ಕಳುಹಿಸಿದರೆ ಅದು ಹಿಗ್ಗಿ ಸಂದಿಯಿಂದ ಹೊರಬಂದು ನೇತಾಡುವುದು. ಆದುದರಿಂದ 4000 ಹರ್ಟ್ಸ್‌ಗಿಂತ ಕೆಳಗಿನದನ್ನೆಲ್ಲ ಸಾಮಾನ್ಯ ಶಂಕುವಿನ ಸ್ಪೀಕರಿಗೆ ಬಿಟ್ಟು, ಮೇಲಿನದನ್ನು ಮಾತ್ರ ರಿಬ್ಬನಿಗೆ ಕೊಡಬೇಕು. ಆಂಪ್ಲಿಫಯರಿನಿಂದ ಬರುವ ದಾರಿಯಲ್ಲಿ ಒಂದು ಕೆಪಾಸಿಟರನ್ನು ಸಾಲಾಗಿಯೂ, ಅದರ ಮುಂದೆ ಟ್ರಾನ್ಸ್‌ಫಾರ್ಮರಿಗೆ ಅಡ್ಡಲಾಗಿ ಒಂದು ತಂತಿಸುರುಳಿಯನ್ನೂ ಹಾಕಿದರೆ ಈ ವಿಂಗಡಣೆಯಾಗುವುದು. 8 ಓಮಿಗೆ ಲೆಕ್ಕವು 3.5 ಮೈಕ್ರೋಫ್ಯಾರಡ್ ಮತ್ತು 0.45 ಮಿಲಿಹೆನ್ರಿ ಎಂದು ಬರುತ್ತದೆ. ಪೇಟೆಯಲ್ಲಿ ಸಿಗುವ 3.3 ಮೈಕ್ರೋಫ್ಯಾರಡ್ ಸಾಕು. ಧನ ಋಣ ಗುರುತಿರುವ ಜಾತಿಯದು ಬೇಡ. ಕೆಪಾಸಿಟರನ್ನು ಬಿಡಲೇಬಾರದು. ಅದಿಲ್ಲದಿದ್ದರೆ ಕೆಳಸ್ವರಗಳಿಗೆ ಟ್ರಾನ್ಸ್‌ಫಾರ್ಮರಿನ ಮೊದಲ ಸುರುಳಿಯೂ ಬರಿಯ ತಂತಿಯಂತಾಗಿ, ಪುನಃ ಮೈಕ್ ಸೆಟ್ಟಿನವನ ಮನೆಗೆ ಹೋಗಬೇಕಾದೀತು.

ಧ್ವನಿಯ ಹರಹು ಇನ್ನೊಂದು ಸ್ವಾರಸ್ಯ. 15,000 ಹರ್ಟ್ಸ್‌ನಲ್ಲಿ ಧ್ವನಿಯ ತರಂಗದೂರ ಎರಡೂಕಾಲು ಸೆಂಟಿಮೀಟರಿನಷ್ಟು. ಪಟ್ಟಿಯ ಅಗಲ ಅದಕ್ಕಿಂತ ಕಡಿಮೆಯಿರುವುದರಿಂದ ಧ್ವನಿಯು ಎಡಬಲಗಳಿಗೆ ಚೆನ್ನಾಗಿ ಹಬ್ಬುವುದು. ಪಟ್ಟಿಯ ಉದ್ದ ಅದಕ್ಕಿಂತ ಹೆಚ್ಚಿರುವುದರಿಂದ ಮೇಲಕ್ಕೂ ಕೆಳಕ್ಕೂ ಹಬ್ಬುವುದಿಲ್ಲ. ಎದ್ದು ನಿಂತರೆ ತಾಳ ಮಸುಕಾಗುವುದು, ಕುಳಿತರೆ ಪುನಃ ಹೊಳೆಯುವುದು. ಪಟ್ಟಿಯು ಕಿವಿಯ ಮಟ್ಟದಲ್ಲಿರಬೇಕೆಂದು ಪುಸ್ತಕಗಳು ಹೇಳುತ್ತವೆ. ಅದು ಕುರ್ಚಿಯಲ್ಲಿ ಕುಳಿತವರ ಲೆಕ್ಕ. ತಾಳಮದ್ದಳೆಗೆ ಬರುವವರು ಚಾಪೆಯ ಮೇಲೆ ಕುಳಿತುಕೊಳ್ಳುವವರು! ಪೆಟ್ಟಿಗೆಯನ್ನು ಎರಡೂವರೆ ಅಡಿಯ ಎತ್ತರಕ್ಕೆ ಇಳಿಸಿಯಾಯಿತು.

ಇದೇ ಕುಟುಂಬದ ಬೇರೆ ಸದಸ್ಯರೂ ಇದ್ದಾರೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಲೋಹದ ಗೆರೆಗಳನ್ನು ಹಿಂದುಮುಂದಾಗಿ ಹಾಯಿಸಿದರೆ ರೋಧವು ಹೆಚ್ಚಿ ಟ್ರಾನ್ಸ್‌ಫಾರ್ಮರಿನ ಅಗತ್ಯವೇ ತಪ್ಪುತ್ತದೆ. ಇದಕ್ಕೆ ಪ್ಲೇನಾರ್ ಎನ್ನುವರು. ಹಾಳೆಯು ತುಸು ಭಾರವಾಗುವುದು ಅದರ ಬೆಲೆ. ಆಸ್ಕರ್ ಹೈಲ್ ಎಂಬ ಜರ್ಮನ್ ಮೂಲದ ವಿಜ್ಞಾನಿ ಹಾಳೆಯನ್ನು ಹಾರ್ಮೋನಿಯಂನ ತಿದಿಯಂತೆ ಮಡಿಸಿ, ಮಡಿಕೆಗಳು ಗಾಳಿಯನ್ನು ಹಿಂಡಿ ಹೊರಹಾಕುವಂತೆ ಮಾಡಿದನು. 1957ರಲ್ಲಿ ಇಂಗ್ಲೆಂಡಿನ ಕ್ವಾಡ್ ಸಂಸ್ಥೆ ಹೊರತಂದ ಸ್ಥಾಯೀವಿದ್ಯುತ್ ಸ್ಪೀಕರಿನಲ್ಲಿ ಅಯಸ್ಕಾಂತವೇ ಇಲ್ಲ. ಅದರಲ್ಲಿ ಸಾವಿರಾರು ವೋಲ್ಟ್ ಇರುವುದರಿಂದ ಮನೆಯ ಪ್ರಯೋಗಕ್ಕೆ ನಾನು ಸಲಹೆ ಮಾಡಲಾರೆ. 1980ರ ದಶಕದಲ್ಲಿ ಅಮೆರಿಕದ ಅಪೋಜಿ ಸಂಸ್ಥೆಯವರು ಆಳೆತ್ತರದ ರಿಬ್ಬನ್‌ಗಳನ್ನೇ ಮಾಡಿದ್ದರು. ರಿಬ್ಬನನ್ನು ತಿರುಗುಮುರುಗು ಬಳಸಿದರೆ ಅದೇ ಮೈಕ್ ಆಗುವುದು. ಅಮೆರಿಕದ ಆರ್‌ಸಿಎ ಸಂಸ್ಥೆಯಲ್ಲಿ ಹ್ಯಾರಿ ಓಲ್ಸನ್ 1930ರ ಸುಮಾರಿಗೆ ರೂಪಿಸಿದ ರಿಬ್ಬನ್ ಮೈಕುಗಳು ಹಳೆಯ ರೇಡಿಯೋ ಚಿತ್ರಗಳಲ್ಲಿ ಈಗಲೂ ಕಾಣಸಿಗುತ್ತವೆ. ನಮ್ಮ ಪಟ್ಟಿಯ ಮುಂದೆ ಮಾತನಾಡಿ, ಟ್ರಾನ್ಸ್‌ಫಾರ್ಮರಿನ ತಂತಿಯನ್ನು ಮೈಕಿನ ತೂತಿಗೆ ಕೊಟ್ಟು ನೋಡಿದೆವು. ಕ್ಷೀಣವಾಗಿ, ಆದರೆ ಸ್ಪಷ್ಟವಾಗಿ, ಮಾತು ಕೇಳಿಸಿತು. ಮುಂದೆ ನಿಂತು ಊದಬಾರದು. ಒಂದು ಉಸಿರಿಗೆ ನಿರಿಗೆ ಬಿಚ್ಚಿಹೋಗುತ್ತದೆ.

ಎಲ್ಲವೂ ಸಿದ್ಧವಾದ ದಿನ ಮೊಬೈಲ್ ಫೋನಿನಿಂದ ಏರುವ ಸ್ವರವೊಂದನ್ನು ಹಾಯಿಸಿ ಪರೀಕ್ಷಿಸಿದೆವು. ಕೇಳಿಸುವವರೆಗೆ ಕೈ ಎತ್ತಿರಬೇಕೆಂದು ಮಕ್ಕಳಿಗೆ ಹೇಳಿದೆ. 8000 ಹರ್ಟ್ಸ್ ದಾಟುತ್ತಿದ್ದಂತೆ ನನಗೆ ಸದ್ದು ನಿಂತುಹೋಯಿತು. ಜೋಡಣೆ ಕಳಚಿತೆಂದು ಎದ್ದು ಹೋಗಿ ತಿರುಪು ಮುಟ್ಟಿ ನೋಡಿದೆ. ತಿರುಗಿ ನೋಡಿದರೆ ಮಕ್ಕಳ ಕೈಗಳೆಲ್ಲ ಮೇಲೆಯೇ ಇದ್ದವು. 12,000ಕ್ಕೂ ಇದ್ದವು, 15,000ಕ್ಕೂ ಇದ್ದವು. ವಯಸ್ಸಾದಂತೆ ಒಳಗಿವಿಯ ಕೂದಲಕೋಶಗಳು ಎತ್ತರದ ಸ್ವರಗಳ ಕಡೆಯಿಂದಲೇ ಸಾಯುತ್ತಾ ಬರುತ್ತವೆಂದು ಮೂವತ್ತು ವರ್ಷ ಪಾಠ ಮಾಡಿದವನು ನಾನು. ನಾನು ಮಾಡಿದ ಸ್ಪೀಕರಿನ ಮೇಲಿನ ಅರ್ಧವು ನನಗೆ ಕೇಳಿಸುವಂಥದ್ದಲ್ಲವೆಂಬುದು ಮಾತ್ರ ಆವರೆಗೆ ಹೊಳೆದಿರಲಿಲ್ಲ.

ಬಳಿಕ ಕ್ಯಾಸೆಟ್ ಹಾಕಿದೆವು. ಸಾಮಾನ್ಯ ಕ್ಯಾಸೆಟ್ಟಿನಲ್ಲಿ 12,000 ಹರ್ಟ್ಸ್‌ನ ಮೇಲೆ ಹೆಚ್ಚೇನೂ ಉಳಿದಿರುವುದಿಲ್ಲ. ಹಾಗೆಯೇ ರಿಬ್ಬನ್ ಪಕ್ಷಪಾತಿಯಲ್ಲ. ತಾಳವನ್ನು ಎಷ್ಟು ಚೆನ್ನಾಗಿ ಕೇಳಿಸುತ್ತದೆಯೋ ಟೇಪಿನ ಸುಯ್‌ಗುಟ್ಟುವಿಕೆಯನ್ನೂ ಅಷ್ಟೇ ನಿಷ್ಠೆಯಿಂದ ಕೇಳಿಸುತ್ತದೆ. ನನಗೆ ಕೇಳಿಸಿದ್ದು ಇಷ್ಟು: ಜಾಗಟೆಯ ಅನುರಣನವು ಈಗ ನಡುವೆ ಕತ್ತರಿಸಿಹೋಗದೆ ತಾನಾಗಿಯೇ ಆರುತ್ತಿತ್ತು. ಅರ್ಥಧಾರಿಗಳು ಸಂಸ್ಕೃತ ಪದಗಳಲ್ಲಿ ಶಕಾರಕ್ಕೂ ಸಕಾರಕ್ಕೂ ಮಾಡುತ್ತಿದ್ದ ಭೇದವು, ಕೊಂಬಿನಲ್ಲಿ ಅಳಿಸಿಹೋಗಿದ್ದುದು, ಸ್ಪಷ್ಟವಾಗಿತ್ತು. ಚಕ್ರತಾಳ ಹೇಗಿದೆಯೆಂದು ಹುಡುಗಿಯನ್ನು ಕೇಳಿದೆ. “ಸರ್, ತಾಳದ ಜೊತೆಗೆ ಮಳೆಯ ಸದ್ದೂ ಇದೆ” ಎಂದಳು. ಟೇಪಿನ ಸುಯ್‌ಗುಟ್ಟುವಿಕೆ ಇರಬೇಕೆಂದೆ. ಅಲ್ಲ, ಅದು ಬೇರೆ, ಇದು ಹಂಚಿನ ಮೇಲೆ ಬೀಳುವ ಮಳೆಯೇ ಎಂದಳು. ರಜತೋತ್ಸವದ ಆ ರಾತ್ರಿ ಅಕಾಲದಲ್ಲಿ ಮಳೆ ಬಂದು, ಚಪ್ಪರದಲ್ಲಿದ್ದವರೆಲ್ಲ ಶಾಲೆಯ ಜಗಲಿಗೆ ಓಡಿ ಬಂದುದು ಅಲ್ಲಿದ್ದವರಿಗೆ ನೆನಪಿರಬಹುದು. ಆ ಹುಡುಗಿ ಆಗ ಹುಟ್ಟಿರಲಿಲ್ಲ.

ಈಗ ಆ ಜೋಡಿ ಪೆಟ್ಟಿಗೆಗಳು ಶಾಲೆಯ ವಿಜ್ಞಾನ ಕೊಠಡಿಯಲ್ಲಿವೆ. ನಿರಿಗೆಯ ಚಕ್ರಗಳೂ ಒಂದು ಸುರುಳಿ ಫಾಯಿಲೂ ಅಲ್ಲಿಯೇ ಮೇಜಿನ ಸೆಳೆಖಾನೆಯಲ್ಲಿವೆ. ಪ್ರತಿ ವರ್ಷ ಮಳೆಗಾಲ ಕಳೆದೊಡನೆ ಹಿತ್ತಾಳೆಯ ತುಂಡುಗಳನ್ನು ಮರಳುಕಾಗದದಿಂದ ಉಜ್ಜಿ, ಪಟ್ಟಿಗಳನ್ನು ಬದಲಾಯಿಸತಕ್ಕದ್ದು. ಒಂದು ಪಟ್ಟಿಗೆ ಕಾಲು ಗಂಟೆಯ ಕೆಲಸ.